ಹೂಂ ಅನ್ನೋರು ಯಾರು

"ಯಾರೂ ಇಲ್ಲ ಕಣವ್ವ ಇದ್ರೊಳಗೆ. ಬಂಡೆಗೆ ಮಾತಾಡ್ದಂಗೆ ಆಗ್ತೈತೆ," ಎಂದು ಜುಂಜಯ್ಯ ಚಾಟ್ ಬಿಟ್ಟು ಮಾಮೂಲಿ ಫೋನ್ ಮಾಡಿ ದೂರಿದ. ಅವನು ಕುರಿಮಂದೆಯ ಜೊತೆ ಬಾಗೂರಿನ ಹೊಲದಲ್ಲಿದ್ದ.

ಆದಿವಾಲದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೊಡೆಗೇರಿಸಿ ಕೂತಿದ್ದ ಮೊಮ್ಮಗಳು ರಂಜಿತಾ ಹಣೆ ಚಚ್ಚಿಕೊಂಡಳು. 'ಹಟ್ಟಿ' ಅವಳೇ ಕಟ್ಟಿದ ಚಾಟ್. ಲಿಂಕ್ ಒತ್ತಿದರೆ ತೆರೆದುಕೊಳ್ಳುತ್ತದೆ, ಕೆಂಪು ಗುಂಡಿ ಒತ್ತಿ ಮಾತಾಡಿದರೆ ಆ ಗಳಿಗೆಯೇ ಎಲ್ಲರಿಗೂ ಕೇಳುತ್ತದೆ, ಓದುಬರಹದ ಗೊಡವೆಯಿಲ್ಲ. ಊರೂರು ಸುತ್ತುವವರಿಗೆ ಮೇವು, ಮಳೆಯ ಸುದ್ದಿ ಸಿಗಲೆಂದು ಕುರಿಗಾರರ ಸಂಘ ಒಪ್ಪಿತ್ತು. ಕಾರ್ಯದರ್ಶಿ ಬಾಲರಾಜು ಮಾತ್ರ ಮೊದಲೇ ಹೇಳಿದ್ದ: "ನಿಮ್ ತಾತ ಬಾಯಿ ಬಿಟ್ರೆ ಉಳಿದೋರೂ ಬಿಡ್ತಾರೆ. ಅವ್ರೇ ಒಲ್ಲೆ ಅಂದ್ರೆ ನಿನ್ ಹಟ್ಟಿಗೆ ಬೀಗ ಹಾಕಾಣ."

"ತಾತ, ಎಲ್ರೂ ಕೇಳ್ತಾ ಅವ್ರೆ. ಹೆಸರಿನ ಮುಂದೆ ಹಸಿರು ಚುಕ್ಕಿ ಕಾಣಲ್ವ?"

"ಕಾಣ್ತವೆ. ಚುಕ್ಕಿ ಹೂಂ ಅಂತವಾ?"

ಅಲ್ಲಿತ್ತು ಸಂಗತಿ. ಎದುರಿಗಿದ್ದವರು ಮಾತಿಗೊಮ್ಮೆ ಹೂಂಗುಟ್ಟದಿದ್ದರೆ ಈ ಮಂದಿಯ ನಾಲಿಗೆ ಒಂದು ಹೆಜ್ಜೆ ಮುಂದಿಡದು. ಹೂಂ ಅನ್ನಿರೆಂದು ರಂಜಿತಾ ಎಲ್ಲರಿಗೂ ಹೇಳಿದಳು. ಅಂದರು. ತಾತ "ಮಳೆ ಬಂತು" ಎಂದದ್ದೇ ತಡ, ಇಡೀ ಸಂಘ ಒಟ್ಟಿಗೆ ಗುಂಡಿ ಒತ್ತಿತು. ಹೂಂ ಮೇಲೆ ಹೂಂ, ನಡುವೆ ಕೆಮ್ಮು, ಯಾರದೋ ಬೆನ್ನ ಹಿಂದಿನ ಟಗರಿನ ಬ್ಯಾ. ಪುಕ್ಕಟೆ ಸರ್ವರ್ ಊಹೂಂ ಅಂದು ಮಲಗಿಬಿಟ್ಟಿತು.

"ಹಟ್ಟಿ ಬಿತ್ತಂತಲ್ಲವ್ವ," ಎಂದು ಬಾಲರಾಜು ಅದೇ ಟಗರಿನಂಥ ದನಿಯಲ್ಲಿ ಫೋನ್ ಮಾಡಿದ. "ನಾಳೆ ಬೆಳಗ್ಗೆ ಎದ್ರೆ ಸರಿ. ಇಲ್ದಿದ್ರೆ ಬಿಟ್ಬಿಡು."

ಅವಳು ಬಿಡಲಿಲ್ಲ. ಇನ್ನೊಂದು ಗುಂಡಿ ಕೂರಿಸಿದಳು. ಅದನ್ನು ಒತ್ತಿದರೆ ದನಿ ಹೋಗದು, ಒತ್ತಿದ ಸುದ್ದಿಯಷ್ಟೇ ಹೋಗುತ್ತದೆ. ಎಷ್ಟು ಮಂದಿ ಒತ್ತಿದರೂ ಹೇಳುವವನ ಫೋನು, ಒಳಗೆ ಮೊದಲೇ ತುಂಬಿಟ್ಟ ಒಂದೇ ಒಂದು ಹೂಂ ನುಡಿಯುತ್ತದೆ. ಆ ಹೂಂ ಯಾರದಿರಬೇಕು? ಒಳಗೆ ಅಜ್ಜಿ ಓಬವ್ವ ಮುದ್ದೆ ತೊಳಸುತ್ತಿದ್ದಳು.

"ಅಜ್ಜಿ, ಒಂದ್ ಹೂಂ ಕೊಡು."

"ಯಾವ್ದು? ನಂಬಿದ್ದಾ, ನಂಬ್ದಿದ್ದಾ, ಇಲ್ಲ ಸಾಕು ಉಣ್ಣಾಕೆ ಏಳು ಅಂಬೋದಾ?"

ಮೂರನ್ನೂ ಅಂದು ತೋರಿಸಿದಳು. ಮೂರನೆಯದಕ್ಕೆ ರಂಜಿತಾ ನಿಜಕ್ಕೂ ಎದ್ದು ನಿಂತಿದ್ದಳು.

"ಮುಂದೇನಾತು ಅಂಬೋದು ಬೇಕು."

ಓಬವ್ವ ಕೋಲು ನಿಲ್ಲಿಸಿ, ಒಲೆಯ ಕಡೆಗೇ ನೋಡುತ್ತಾ, ಕೊನೆಯಲ್ಲಿ ಚೂರು ಮೇಲೆದ್ದ ಹೂಂ ಒಂದನ್ನು ಕೊಟ್ಟಳು.

ಬೆಳಗ್ಗೆ ಜುಂಜಯ್ಯ ಅರೆಮನಸ್ಸಿನಲ್ಲಿ ಕೆಂಪು ಗುಂಡಿ ಒತ್ತಿದ. "ಕರೇ ಕುರಿ ಈದೈತೆ."

"ಹೂಂ," ಎಂದಿತು ಅವನ ಫೋನು.

ಸರ್ವರ್ ಮತ್ತೆ ಮಲಗಿತೇನೋ ಎಂದು ರಂಜಿತಾ ಪರದೆಗೆ ಮುಖ ತಾಗಿಸಿದಳು. ಚುಕ್ಕಿಗಳೆಲ್ಲ ಹಸಿರಾಗೇ ಇದ್ದವು, ಬಾಲರಾಜುವಿನದೂ.

"ಇವ್ಳು ಯಾವಾಗ ಬಂದ್ಲು ಇದ್ರೊಳಕ್ಕೆ?" ಎಂದ ತಾತ. ಗಂಟಲು ಸರಿಮಾಡಿಕೊಂಡ. "ಎರಡು ಮರಿ. ಒಂದು ನಿಂತ್ಕಂತು, ಇನ್ನೊಂದು ನಿಂತ್ಕಂಬಲ್ಲೆ ಅಂತು..."

"ನಿಮ್ದು ಮುಗೀಲಿ, ನಂದೂ ಒಂದೈತೆ," ಎಂದು ಹೊರಕೆರೆದೇವಪುರದ ಕಡೆಯಿಂದ ಕುರಿಗಾರ ಮಾರುತೇಶ ನಡುವೆ ತೂರಿದ.

"ತಡೀಲೇ, ಮರಿ ಇನ್ನೂ ನಿಂತಿಲ್ಲ."

ಜಗಲಿಯಲ್ಲಿ ತಾತನ ದನಿ, ನಡುನಡುವೆ ಅವನ ಫೋನಿನ ಹೂಂ ಹರಿಯುತ್ತಿದ್ದವು. ಒಳಗೆ ಹಿಟ್ಟಿನ ಕೈಯ ಓಬವ್ವ ಯಾವ ಗುಂಡಿಯನ್ನೂ ಒತ್ತದೆ, ಫೋನಿಗಿಂತ ಒಂದು ಚೂರು ಮೊದಲೇ ಹೂಂ ಅನ್ನುತ್ತಿದ್ದಳು.