ಮೇಣದ ಹಲ್ಲು

ಎಂಥ ದೊಡ್ಡ ಮನುಷ್ಯನೂ ನನ್ನ ಕುರ್ಚಿಯಲ್ಲಿ ಕೂತು ಬೋಳು ಬಾಯಿ ತೆರೆದರೆ ಹಸುಗೂಸೇ. ನಾನು ಕಟ್ಟುಹಲ್ಲು ಮಾಡುವವಳು. ಬಾಯಿಯ ಅಚ್ಚು ತೆಗೆದು, ಮೊದಲು ಗುಲಾಬಿ ಬಣ್ಣದ ಮೇಣದಲ್ಲಿ ಹಲ್ಲು ಕೂರಿಸಿ, ಬಾಯಿಗಿಟ್ಟು ಮಾತಾಡಿಸಿ ನೋಡುತ್ತೇನೆ. ಮಾತು ನೆಟ್ಟಗೆ ಬಂದ ಮೇಲೆಯೇ ಗಟ್ಟಿ ಸೆಟ್ಟು.

ಮಾತಾಡಿಸಲು ನಮ್ಮ ಅಂಗಡಿಯದೇ ಒಂದು ವಾಕ್ಯವಿದೆ. ‘ಸುಸ್ತಾದ ಸಾಹುಕಾರ ಸಾಸಿವೆ ಸೋಸಿ ಫಜೀತಿಪಟ್ಟು ಫರಾರಿಯಾದ.’ ಹಲ್ಲು ಕೂದಲೆಳೆಯಷ್ಟು ಮುಂದೆ ಬಂದರೂ ಸಾಹುಕಾರ ಸೀಟಿ ಹೊಡೆಯುತ್ತಾನೆ. ತೀರ್ಪು ಕೊಡುವವಳು ನಾನಲ್ಲ, ಅಮ್ಮ. ಅವಳು ಹೊರಗಿನ ಕೋಣೆಯಲ್ಲಿ, ಕಾಯುವವರ ಬೆಂಚಿನ ಪಕ್ಕ ಕೂತಿರುತ್ತಾಳೆ. ನಡುವಿನ ಹಲಗೆಯ ಗೋಡೆ ಸೂರಿನ ತನಕ ಹೋಗಿಲ್ಲ. ಅಮ್ಮನಿಗೆ ಕಣ್ಣು ಮಂಜು, ಆದರೆ ಕಿವಿ ಬಲು ಚುರುಕು. ಪ್ರತಿ ಅಕ್ಷರವೂ ಕೇಳಿಸಿದರೆ ಅಲ್ಲಿಂದಲೇ ‘ಪಾಸು’ ಎನ್ನುತ್ತಾಳೆ. ಇಲ್ಲದಿದ್ದರೆ ‘ಇನ್ನೊಂದ್ಸಲ’. ಬೆಂಚಿನ ಮೇಲಿನವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಅಮ್ಮ ನಗುವುದಿಲ್ಲ. ತಂಗಿ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿಲ್ಲ.

ತಂಗಿ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಆಸ್ಪತ್ರೆಗಳ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದುಕೊಡುವ ದೊಡ್ಡ ಲಾಂಡ್ರಿ. ಒಣಗಿದ ಬಟ್ಟೆಯ ಮೂಟೆ ಹೊತ್ತು ಅಟ್ಟದಿಂದ ಇಳಿಯಬೇಕು. ಅಟ್ಟದಂಚಿನ ಕಬ್ಬಿಣದ ಸರಳು ಅಲ್ಲಾಡುತ್ತದೆ, ಸಾಹುಕಾರರಿಗೆ ಹೇಳಿ ಹೇಳಿ ಸಾಕಾಯಿತು ಎಂದು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಗೊಣಗಿದ್ದಳು. ಒಂದು ದಿನ ಆ ಸರಳು ಕಿತ್ತು ಬಂತು. ತಂಗಿ ಮೂಟೆಯ ಸಮೇತ ಕೆಳಗಿನ ಕಲ್ಲುಹಾಸಿಗೆ ಬಿದ್ದಳು.

ಸಂಜೆ ಲಾಂಡ್ರಿಯ ಸಾಹುಕಾರ ಮನೆಗೇ ಬಂದ. ಅಮ್ಮನ ಕಾಲ ಬಳಿ ಕೂತು ಮೊಸಳೆ ಕಣ್ಣೀರು ಸುರಿಸಿದ. ‘ಮಗು ಫೋನಲ್ಲಿ ಮಾತಾಡ್ತಾ ಇಳೀತಿತ್ತಮ್ಮಾ, ಕಾಲು ಜಾರ್ತು’ ಎಂದ. ವಿಚಾರಣೆಗೆ ಬಂದವರ ಎದುರೂ ಅದನ್ನೇ ಹೇಳಿದ. ಕೆಲಸ ಹೋದೀತೆಂಬ ಭಯಕ್ಕೆ ಉಳಿದವರೆಲ್ಲ ತಲೆಯಾಡಿಸಿದರು.

ತಂಗಿ ಬಿದ್ದ ಹೊತ್ತಿಗೆ ಅವಳಿಗೆ ಫೋನ್ ಮಾಡಿದ್ದವಳು ಅಮ್ಮ. ಬರುವಾಗ ಸೋಪು ತಾ ಎನ್ನುವುದಕ್ಕೆ.

ಫೋನ್ ಗೂಟಕ್ಕೆ ನೇತುಹಾಕಿದ ಚೀಲದಲ್ಲಿತ್ತು, ರಿಂಗಾಗುತ್ತಲೇ ಇತ್ತು ಎಂದು ತಂಗಿಯ ಜೊತೆಗಾರ್ತಿ ನನ್ನ ಕಿವಿಯಲ್ಲಷ್ಟೇ ಹೇಳಿದಳು. ನಾನು ಅಮ್ಮನಿಗೆ ಹೇಳಿದೆ. ‘ನನ್ನ ಸಮಾಧಾನಕ್ಕೆ ಹೇಳ್ತೀಯ’ ಎಂದು ಅಮ್ಮ ಗೋಡೆಯತ್ತ ಮುಖ ತಿರುಗಿಸಿದಳು. ತಾನೇ ಮಗಳನ್ನು ಕೊಂದೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅಂದಿನಿಂದ ಫೋನ್ ಮುಟ್ಟಿಲ್ಲ. ನಾನು ಎಷ್ಟು ಬಾಯಿ ಬಡಿದುಕೊಂಡರೂ ಪ್ರಯೋಜನವಿರಲಿಲ್ಲ. ಸುಳ್ಳು ಬಂದ ಬಾಯಿಯಿಂದಲೇ ನಿಜ ಬರಬೇಕಿತ್ತು.

ಆ ಬಾಯಿ ತಾನಾಗಿಯೇ ನನ್ನ ಅಂಗಡಿಗೆ ಬಂತು. ಸೀನಿದಾಗ ಹಲ್ಲಿನ ಸೆಟ್ಟು ಬಚ್ಚಲಿಗೆ ಬಿದ್ದು ಎರಡು ಹೋಳಾಗಿತ್ತಂತೆ. ನಾಡಿದ್ದು ಮಗಳ ಮದುವೆ, ಬೀಗರ ಮುಂದೆ ಮಾನ ಹೋಗುತ್ತದೆ ಎಂದು ಕರವಸ್ತ್ರದೊಳಗಿಂದ ತೊದಲಿದ. ಮಾಸ್ಕ್ ಹಾಕಿದ್ದ ನನ್ನ ಗುರುತು ಅವನಿಗೆ ಹತ್ತಲಿಲ್ಲ. ಹೊರಗೆ ಕೂತ ಮುದುಕಿಯತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಆ ತೊದಲು ಅಮ್ಮನಿಗೂ ಯಾರದೆಂದು ತಿಳಿಯಲಿಲ್ಲ.

ಎಂದಿನಂತೆ ಅಚ್ಚು ತೆಗೆದೆ. ಒಂದು ದವಡೆ ಹಲ್ಲನ್ನು ಚೂರೇ ಚೂರು ಎತ್ತರಿಸಿದರೆ ಸಾಕು, ಬದುಕಿರುವಷ್ಟು ಕಾಲ ತಲೆನೋವಿನಿಂದ ಒದ್ದಾಡುತ್ತಾನೆ. ಆ ಯೋಚನೆ ಬಂತು, ಬಹಳ ರುಚಿಯಾಗಿಯೂ ಇತ್ತು. ಆದರೆ ಅಷ್ಟರಿಂದ ಅಮ್ಮನಿಗೇನು ಸಿಗುತ್ತಿತ್ತು? ನಾನು ಅವನಿಗೆ ಈವರೆಗೆ ಯಾರಿಗೂ ಮಾಡಿರದಷ್ಟು ಚೆಂದದ ಹಲ್ಲು ಕೂರಿಸಿದೆ. ಅವನ ಮಾತು ಗಂಟೆ ಹೊಡೆದ ಹಾಗೆ ಕೇಳಬೇಕಿತ್ತು.

ಮರುದಿನ, ಕಟ್ಟುಹಲ್ಲು ಉಜ್ಜಿ ನುಣುಪು ಮಾಡುವ ಯಂತ್ರ ಗುರುಗುಟ್ಟುತ್ತಿದ್ದ ಹಾಗೆಯೇ, ಮೇಣದ ಸೆಟ್ಟನ್ನು ಅವನ ಬಾಯಿಗಿಟ್ಟೆ. ಆ ಸದ್ದಿನಲ್ಲಿ ಒಳಗಿನ ಮಾತು ಹೊರಗೆ, ಹೊರಗಿನದು ಒಳಗೆ ಕೇಳಿಸುವುದಿಲ್ಲ. ಕನ್ನಡಿ ನೋಡಿಕೊಂಡು ಹಿಗ್ಗಿದ. ನಾನು ಮಾಸ್ಕ್ ಕೆಳಗಿಳಿಸಿದೆ.

ಅವನು ನನ್ನನ್ನೇ ನೋಡಿದ. ಮುಖದ ನಗು ಇಳಿಯಿತು.

ಇವತ್ತು ಸಾಹುಕಾರನ ಸಾಸಿವೆ ಬೇಡ, ಬೇರೆ ವಾಕ್ಯ ಹೇಳಿ ಎಂದೆ. ಹೇಳಿಕೊಟ್ಟೆ. ಅವನು ಕುರ್ಚಿಯಿಂದ ಅರ್ಧ ಎದ್ದ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ ಎಂದ. ಧಾರಾಳವಾಗಿ ಹೋಗಿ, ನಾಳೆ ಮದುವೆಗೆ ಕರವಸ್ತ್ರ ಮರೆಯಬೇಡಿ ಎಂದೆ. ಮತ್ತೆ ಕೂತ. ಮೇಜಿನ ಮೇಲೆ ಕಣ್ಣಾಡಿಸಿ, ‘ನಿನ್ನ ಫೋನ್ ಎಲ್ಲಿ’ ಎಂದು ಕೇಳಿದ. ಆಫ್ ಮಾಡಿ ಅವನ ಕೈಗೇ ಕೊಟ್ಟೆ. ಅವನ ಮುಖದಲ್ಲಿ ಲೆಕ್ಕಾಚಾರ ಓಡುವುದು ಕಾಣುತ್ತಿತ್ತು. ಒಳಗೆ ನಾನು, ಅವನು, ಇಬ್ಬರೇ. ಒಬ್ಬ ಹೆಂಗಸು ನಾಳೆ ಏನು ಹೇಳಿಕೊಂಡರೂ ನಂಬುವವರಾರು? ಅವನ ತುಟಿ ತಾತ್ಸಾರದಿಂದ ಓರೆಯಾಯಿತು. ಒಮ್ಮೆ ಒದರಿದರೆ ತೀರಿತು ಎಂದುಕೊಂಡಿರಬೇಕು.

ಮೊದಲು ಪಿಸುಗುಟ್ಟಿದ. ಪಿಸುಗುಟ್ಟಿದರೆ ಹಲ್ಲಿನ ತಪ್ಪು ತಿಳಿಯುವುದಿಲ್ಲ, ಬೀಗರ ಜೊತೆ ಮಾತಾಡುವಷ್ಟು ಜೋರಾಗಿ ಹೇಳಿ ಎಂದೆ. ಹಲ್ಲು ಉಜ್ಜುವ ಯಂತ್ರವನ್ನು ನಿಲ್ಲಿಸಿದೆ. ಯಂತ್ರ ನಿಂತಿತೆಂದರೆ ಪರೀಕ್ಷೆ ಶುರು ಎಂದು ಹೊರಗಿನವರಿಗೆ ಗೊತ್ತು. ಬೆಂಚಿನ ಮಾತು ನಿಂತಿತು.

ಅವನು ಗಂಟಲು ಸರಿಮಾಡಿಕೊಂಡ.

‘ಸರಳು ಸಡಿಲವಾಗಿತ್ತು. ಸರಿ ಮಾಡಿಸ್ಲಿಲ್ಲ. ಸತ್ತವಳ ಕೈಯಲ್ಲಿ ಫೋನ್ ಇರ್ಲಿಲ್ಲ. ಲಾಂಡ್ರಿ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ದೆ.’

ಒಂದು ಸೀಟಿಯಿಲ್ಲ, ಒಂದು ತೊದಲಿಲ್ಲ. ಅಮ್ಮನ ಕಾಲ ಬಳಿ ಕೂತು ಅತ್ತಿದ್ದ ಅದೇ ದನಿ, ಅಷ್ಟೇ ನುಣುಪು. ನನ್ನ ಜೀವ ತಣ್ಣಗಾಯಿತು ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

ಹೊರಗಿನಿಂದ ‘ಪಾಸು’ ಬರಲಿಲ್ಲ. ಬೆಂಚಿನಲ್ಲಿ ಯಾರೂ ನಗಲಿಲ್ಲ. ಕುರ್ಚಿಯೊಂದು ನೆಲಕ್ಕೆ ಉಜ್ಜಿದ ಸದ್ದಾಯಿತು. ಸಾಹುಕಾರ ಹಲಗೆಯ ಗೋಡೆಯನ್ನು ನೋಡಿದ, ಅದರ ಮೇಲಿನ ಖಾಲಿ ಜಾಗವನ್ನು ನೋಡಿದ.

ಅಮ್ಮ ಗೋಡೆ ತಡವಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಬೆಂಚಿನ ಮೇಲಿದ್ದವರೆಲ್ಲ ನಿಂತಿದ್ದರು. ಅಮ್ಮನ ಮಂಜುಗಣ್ಣು ಅವನ ದನಿ ಬಂದ ಕಡೆಗೇ ನೆಟ್ಟಿತ್ತು. ಕೆನ್ನೆ ಒದ್ದೆಯಾಗಿತ್ತು, ದನಿ ಒದ್ದೆಯಿರಲಿಲ್ಲ.

‘ಇನ್ನೊಂದ್ಸಲ,’ ಎಂದಳು.

ಅವನು ಮೇಣದ ಹಲ್ಲು ಕಿತ್ತಿಡಲು ಬಾಯಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

‘ಹೇಳಿ ಸಾಹುಕಾರ್ರೆ. ಅಮ್ಮ ಪಾಸು ಅನ್ನೋ ತನಕ ನಾನು ಯಾರಿಗೂ ಹಲ್ಲು ಕೊಡಲ್ಲ.’