ದಿನಕ್ಕೆ ಐದು ಕಿಲೋಮೀಟರ್

ಒಮಾನಿನ ಆ ಸಣ್ಣ ಕಡಲೂರಿನಲ್ಲಿ ಜುಲೈ ತಿಂಗಳ ದಿನ ನಸುಕಿನ ನಾಲ್ಕೂವರೆಗೇ ಶುರುವಾಗುತ್ತಿತ್ತು. ಮೀನುಗಾರರು ದೋಣಿಗಳನ್ನು ಮರಳಿನ ಮೇಲೆ ಎಳೆದು ಹಾಕಿ, ಏಳರೊಳಗೆ ಮಾರಾಟ ಮುಗಿಸಿ ಮನೆ ಸೇರುತ್ತಿದ್ದರು. ಎಂಟಕ್ಕೆಲ್ಲ ಬೀದಿ ಖಾಲಿ. ಅಂಗಡಿಗಳ ಷಟರ್ ಮತ್ತೆ ಮೇಲೇಳುವುದು ಸಂಜೆ ಐದಾದ ಮೇಲೆ. ಊರಿನ ಒಂದು ಮಗ್ಗುಲಿಗೆ ಮರಳುಗುಡ್ಡ, ಇನ್ನೊಂದು ಮಗ್ಗುಲಿಗೆ ಸಮುದ್ರ. ಸಮುದ್ರದ ನೀರು ಕೂಡ ಸ್ನಾನಕ್ಕೆ ಕಾಯಿಸಿಟ್ಟ ಹಾಗೆ ಇರುತ್ತಿತ್ತು.

ವಂದನಾ ಮೂರನೆಯ ಮಹಡಿಯ ಫ್ಲ್ಯಾಟಿನ ಗಾಜಿನ ಬಾಗಿಲ ಹಿಂದೆ ಚಹಾ ಹಿಡಿದು ನಿಂತು, ಗಂಡ ಮತ್ತು ಮಗಳು ದಂಡೆಯ ಹಾದಿಯಲ್ಲಿ ಓಡುವುದನ್ನು ದಿನಾ ನೋಡುತ್ತಿದ್ದಳು. ಮುಂದೆ ಗಂಡ ಬಸವಪ್ರಸಾದ, ಇಪ್ಪತ್ತು ಹೆಜ್ಜೆ ಹಿಂದೆ ಹದಿಮೂರು ವರ್ಷದ ಸ್ಮಿತಾ. ಅವನು ಆಗಾಗ ತಿರುಗಿ ಚಪ್ಪಾಳೆ ತಟ್ಟುತ್ತಿದ್ದ. ಹುಡುಗಿ ತಲೆ ಎತ್ತದೆ ಓಡುತ್ತಿದ್ದಳು.

ಅವರದು ಹನ್ನೊಂದು ವರ್ಷಗಳಿಂದ ಫ್ರಾಂಕ್‌ಫರ್ಟಿನ ಪಕ್ಕದ ಎಷ್‌ಬಾರ್ನ್‌ನಲ್ಲಿ ಸಂಸಾರ. ಬಾಗಲಕೋಟೆಯ ಬಸವಪ್ರಸಾದ ಅಲ್ಲಿ ಕಾರು ಕಂಪನಿಯೊಂದರ ಎಂಜಿನಿಯರ್. ಹೊಸ ಕಾರುಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಮರುಭೂಮಿಯ ಸುಡುಬಿಸಿಲಿನಲ್ಲಿ ಓಡಿಸಿ ಪರೀಕ್ಷಿಸಬೇಕು. ಆ ಕೆಲಸಕ್ಕೆ ಅವನನ್ನು ಆರು ವಾರ ಇಲ್ಲಿಗೆ ಕಳಿಸಿದ್ದರು. ಸ್ಮಿತಾಳ ಶಾಲೆಗೂ ಬೇಸಿಗೆ ರಜೆ ಇದ್ದುದರಿಂದ ಮೂವರೂ ಬಂದಿದ್ದರು.

ಓಟ ಅವನಿಗೆ ಬರೀ ವ್ಯಾಯಾಮವಾಗಿರಲಿಲ್ಲ. ಅವನ ತಂದೆ ಐವತ್ತೊಂದಕ್ಕೇ ಎದೆನೋವಿನಿಂದ ತೀರಿಕೊಂಡಿದ್ದರು. ಅವನಿಗೆ ನಲವತ್ತಕ್ಕೆ ಸಕ್ಕರೆ ಕಾಯಿಲೆ ಬಂತು. ಆಗ ಓಡಲು ಶುರುಮಾಡಿ ಹದಿನೆಂಟು ಕಿಲೋ ಇಳಿಸಿದ. ಇಳಿಸಿದವನಿಗೆ, ಇಳಿಸದವರೆಲ್ಲ ಸೋಮಾರಿಗಳಾಗಿ ಕಾಣತೊಡಗಿದರು. ಮಗಳ ದುಂಡನೆಯ ಮೈ ಕಂಡಾಗಲೆಲ್ಲ ಅವನಿಗೆ ಅಪ್ಪನ ನೆನಪಾಗುತ್ತಿತ್ತು. ಹಾಗೆಂದು ಅವನು ಮಗಳಿಗೆ ಎಂದೂ ಹೇಳಿರಲಿಲ್ಲ. ಹೇಳುತ್ತಿದ್ದುದು ಕಿಲೋ ಎಷ್ಟು, ನಿಮಿಷ ಎಷ್ಟು ಎಂಬುದನ್ನು ಮಾತ್ರ.

ವಂದನಾ ಅವನನ್ನು ತಡೆಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಧಾರವಾಡದಲ್ಲಿ ಅವಳ ತಮ್ಮನ ಮದುವೆಯಾದಾಗ, ಸೋದರತ್ತೆಯೊಬ್ಬರು ಎಲ್ಲರೆದುರು ಸ್ಮಿತಾಳ ತೋಳು ಹಿಂಡಿ, ಜರ್ಮನಿಯ ಬೆಣ್ಣೆ ಭಾಳ ಹತ್ತಿದೆ ಎಂದು ನಕ್ಕಿದ್ದರು. ವಂದನಾಳೂ ನಕ್ಕಿದ್ದಳು. ಆಮೇಲೆ ಫೋಟೋ ತೆಗೆಯುವಾಗ, "ನೀ ಹಿಂದಿನ ಸಾಲಿನ್ಯಾಗ ನಿಂದರವಾ" ಎಂದು ಮಗಳನ್ನು ಹಿಂದಕ್ಕೆ ಕಳಿಸಿದವಳೂ ಅವಳೇ. ದಿನಕ್ಕೆ ಐದು ಕಿಲೋಮೀಟರ್ ಎಂಬ ನಿಯಮ ಆ ಮದುವೆಯಿಂದ ಹಿಂತಿರುಗಿದ ವಾರ ಶುರುವಾಗಿತ್ತು.

ಮೂರನೆಯ ವಾರದ ಒಂದು ದಿನ ಸ್ಮಿತಾ ಐದಕ್ಕೆ ಏಳಲಿಲ್ಲ. ಹಿಂದಿನ ರಾತ್ರಿ ಊಟ ಸರಿಯಾಗಿ ಮಾಡಿರಲಿಲ್ಲ, ಮಲಗಲಿ ಎಂದು ವಂದನಾ ಎಬ್ಬಿಸಲಿಲ್ಲ. ಬಸವಪ್ರಸಾದ ಒಬ್ಬನೇ ಓಡಿ ಬಂದು ನೋಡಿದರೆ ಮಗಳು ಇನ್ನೂ ಹಾಸಿಗೆಯಲ್ಲಿ. ಅವಳನ್ನು ಎಬ್ಬಿಸಿ, ಮಾತಿಗೆ ಮಾತು ಬೆಳೆದು, ಅವಳು ಅತ್ತು, ಬೂಟು ಕಟ್ಟಿಕೊಳ್ಳುವ ಹೊತ್ತಿಗೆ ಎಂಟು ಮುಕ್ಕಾಲಾಗಿತ್ತು. ಇನ್ನೂ ಒಂದು ತಾಸು ಬಿಟ್ಟು ಅವನು ಕೆಲಸಕ್ಕೆ ಹೋಗಬೇಕಿತ್ತು.

"ಇವತ್ತೊಂದಿನ ಬಿಡ್ರಿ" ಎಂದಳು ವಂದನಾ.

"ಇವತ್ತೊಂದಿನ, ಇವತ್ತೊಂದಿನ ಅಂತನ ನಮ್ಮಪ್ಪನೂ ಹೋದ" ಎಂದ ಅವನು.

ವಂದನಾ ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಹೋದಳು.

ಕೆಳಗೆ ಗೇಟಿನಲ್ಲಿ ಕಾವಲುಗಾರ ಚನ್ನಮಲ್ಲಪ್ಪ ಇದ್ದ. ಕಲಬುರಗಿ ಕಡೆಯವನು, ಆ ಊರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಕನ್ನಡದವರು ಬಂದಿದ್ದಾರೆಂದು ಮೊದಲ ದಿನದಿಂದ ಇವರ ಮೇಲೆ ಅವನಿಗೆ ಅಕ್ಕರೆ. ಅಪ್ಪ ಮಗಳು ಹೊರಟಿದ್ದನ್ನು ನೋಡಿ ಕುರ್ಚಿಯಿಂದ ಎದ್ದು ಬಂದ.

"ಸಾಹೇಬ್ರ, ಈ ಹೊತ್ತಿನ್ಯಾಗ ಇಲ್ಲಿ ಯಾರೂ ಓಡಂಗಿಲ್ರಿ. ದುಡ್ಯಾಕ ಬಂದ ನಾವ ನೆಳ್ಳು ಹುಡಕ್ತೀವಿ. ಕೂಸಿಗಿ ಸಂಜಿಕಿ ಕರಕೊಂಡು ಹೋಗ್ರಿ."

ನಿನ್ನ ಕೆಲಸ ನೀನು ನೋಡು ಎಂದು ಬಸವಪ್ರಸಾದ ಹೇಳಲಿಲ್ಲ. ನಕ್ಕು, ಬಾಟಲಿಯಲ್ಲಿ ನೀರಿದೆ ಎಂದು ತೋರಿಸಿ, ಮುಂದೆ ಹೋದ.

ಮೇಲಿನಿಂದ ವಂದನಾ ನೋಡುತ್ತಿದ್ದಳು. ಎರಡನೆಯ ಸುತ್ತಿನಲ್ಲಿ ಸ್ಮಿತಾ ನಿಂತಳು. ಗಂಡ ಚಪ್ಪಾಳೆ ತಟ್ಟಿದ. ಅವಳು ನಾಲ್ಕು ಹೆಜ್ಜೆ ಓಡಿ ಮತ್ತೆ ನಿಂತಳು. ಹಿಂದಿನ ವಾರ ಕಾಲು ಉಳುಕಿದೆ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು, ಇದೂ ಅಂಥದೇ ಇರಬೇಕು, ಈಗ ಓಡುತ್ತಾಳೆ ಎಂದುಕೊಂಡಳು ವಂದನಾ. ಒಳಗೆ ಏಸಿ ತಣ್ಣಗೆ ಓಡುತ್ತಿತ್ತು. ಅವಳು ಕೈಯಲ್ಲಿದ್ದ ಚಹಾ ಕುಡಿದು ಮುಗಿಸಿದಳು.

ಕೆಳಗೆ ನಡೆದದ್ದು ಆಮೇಲೆ ಗೊತ್ತಾಯಿತು. ಹುಡುಗಿ ಜರ್ಮನ್‌ನಲ್ಲಿ, "ಮಿಯರ್ ಇಸ್ಟ್ ಕಾಲ್ಟ್" ಎಂದಿದ್ದಳು. ನನಗೆ ಚಳಿ ಆಗುತ್ತಿದೆ ಎಂದು. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಚಳಿ ಎನ್ನುವ ಮಗಳು ತನ್ನನ್ನು ಗೇಲಿ ಮಾಡುತ್ತಿದ್ದಾಳೆ ಎಂದು ಬಸವಪ್ರಸಾದನಿಗೆ ಸಿಟ್ಟು ಬಂತು. ಕನ್ನಡದಾಗ ಮಾತಾಡು, ನಡಿ ಎಂದು ಗದರಿದ. ಅವಳು ನಡೆದಳು. ಐವತ್ತು ಹೆಜ್ಜೆಯೂ ಆಗಲಿಲ್ಲ, ಮುಗ್ಗರಿಸಿ ಮುಖ ಕೆಳಗಾಗಿ ಬಿದ್ದಳು.

ಮೊದಲು ಓಡಿಹೋದವನು ಚನ್ನಮಲ್ಲಪ್ಪ. ಅವನು ಅವಳನ್ನು ಹೊತ್ತು ತನ್ನ ಕೋಣೆಯ ನೆರಳಿಗೆ ತಂದು, ಕುಡಿಯುವ ನೀರಿನ ಕ್ಯಾನನ್ನೇ ಮೈಮೇಲೆ ಸುರಿದು, ಒದ್ದೆ ಟವೆಲ್ ಹೊದಿಸಿ ಗಾಳಿ ಹಾಕುತ್ತಿದ್ದಾಗ ವಂದನಾ ಬರಿಗಾಲಲ್ಲಿ ಇಳಿದು ಬಂದಳು. ಮಗಳ ಚರ್ಮ ಒಣಗಿ ಕೆಂಡದಂತೆ ಸುಡುತ್ತಿತ್ತು. ಕಣ್ಣುಗಳು ತೆರೆದಿದ್ದವು, ಆದರೆ ತಾಯಿಯ ಗುರುತು ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ಜೀವ ಉಳಿಯಿತು, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಮೊದಲ ದಿನ ಮಧ್ಯಾಹ್ನ ಇಬ್ಬರೂ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ಬಸವಪ್ರಸಾದನಿಗೆ ಫೋನ್ ಬಂತು. ಜೊತೆಯಲ್ಲಿ ಕೆಲಸ ಮಾಡುವ ಚಂದನ್. ಪರೀಕ್ಷೆಯ ಕಾರೊಂದರ ಎಂಜಿನ್ ಬಿಸಿ ಮಿತಿ ಮೀರುತ್ತಿದೆಯಂತೆ.

"ಮುಂದ ಓಡಸಬ್ಯಾಡ್ರಿ" ಎಂದ ಬಸವಪ್ರಸಾದ. "ನೆಳ್ಳಾಗ ನಿಲ್ಲಸ್ರಿ. ಪೂರ್ತಿ ತಣ್ಣಗಾಗೂ ತನಕ ಯಾರೂ ಮುಟ್ಟಬ್ಯಾಡ್ರಿ."

ಹೇಳಿ ಮುಗಿಸಿದ ಮೇಲೆ ಹೆಂಡತಿಯ ಕಡೆ ನೋಡಿದ. ವಂದನಾ ಅವನನ್ನೇ ನೋಡುತ್ತಿದ್ದಳು. ಅವನು ಫೋನನ್ನು ಕಿಸೆಗೆ ಹಾಕಿಕೊಂಡು ಎದ್ದು ಹೋದ.

ಎಷ್‌ಬಾರ್ನ್‌ಗೆ ಹಿಂತಿರುಗುವ ಮೊದಲೇ ಅವನು ಏನು ಹೇಳಬೇಕೆಂದು ಗಟ್ಟಿಮಾಡಿಕೊಂಡಿದ್ದ. ಜರ್ಮನಿಯಲ್ಲಿ ಮಕ್ಕಳಿಗೆ ಮನೆಯವರಿಂದ ತೊಂದರೆಯಾಗಿದೆ ಎಂದು ಅನುಮಾನ ಬಂದರೆ ಯುಗೆಂಡ್‌ಆಮ್ಟ್ ಎಂಬ ಸರ್ಕಾರಿ ಕಚೇರಿಯವರು ವಿಚಾರಣೆಗೆ ಬರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದ ಕಥೆಗಳು ನಮ್ಮವರ ನಡುವೆ ಓಡಾಡುತ್ತಲೇ ಇರುತ್ತವೆ. ಊರಿಗೆ ಫೋನ್ ಮಾಡಿದಾಗ ಅವನು, ಬೀಚಿನಲ್ಲಿ ಆಡುವಾಗ ಬಿಸಿಲು ಬಡಿಯಿತು ಎಂದ. ವಂದನಾಳೂ ತನ್ನ ತಾಯಿಗೆ ಹಾಗೆಯೇ ಹೇಳಿದಳು.

ಎಷ್‌ಬಾರ್ನ್‌ನಲ್ಲಿ ಮೂತ್ರಪಿಂಡದ ತಪಾಸಣೆಗೆ ತೋರಿಸಿದ ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆಫೀಸಿನಲ್ಲಿ ಇಂಗ್ಲಿಷೇ ನಡೆಯುವುದರಿಂದ ಬಸವಪ್ರಸಾದನ ಜರ್ಮನ್ ಅಂಗಡಿಯ ಮಟ್ಟ ದಾಟಿರಲಿಲ್ಲ. ಎಂಟು ವರ್ಷದವಳಿದ್ದಾಗಿನಿಂದಲೂ ಮನೆಯ ಕಾಗದಪತ್ರ, ಡಾಕ್ಟರು, ಕಚೇರಿ, ಎಲ್ಲ ಕಡೆಯೂ ಅಪ್ಪ ಅಮ್ಮನ ಮಾತನ್ನು ಜರ್ಮನ್‌ಗೆ ತಂದು ಹೇಳುತ್ತಿದ್ದವಳು ಸ್ಮಿತಾಳೇ.

ಇದು ಹೇಗಾಯಿತು ಎಂದು ಡಾಕ್ಟರು ಕೇಳಿದರು. ಸ್ಮಿತಾ ಅಪ್ಪನ ಕಡೆ ತಿರುಗಿದಳು.

"ಬೀಚಿನ್ಯಾಗ ಆಡಾಕತ್ತಿದ್ದೆ. ಟೋಪಿ ಹಾಕ್ಕೋ ಅಂದ್ರ ಕೇಳಲಿಲ್ಲ. ಹಂಗ ಹೇಳು" ಎಂದ ಅವನು.

ಸ್ಮಿತಾ ತಾಯಿಯ ಮುಖ ನೋಡಿದಳು. ವಂದನಾ ತಲೆ ಬಗ್ಗಿಸಿ ಫೈಲಿನ ಕಾಗದಗಳನ್ನು ಸರಿಮಾಡತೊಡಗಿದಳು. ಹುಡುಗಿ ಅಪ್ಪ ಹೇಳಿದ ಸುಳ್ಳನ್ನು ಒಂದು ತಪ್ಪೂ ಇಲ್ಲದೆ ಜರ್ಮನ್‌ನಲ್ಲಿ ಹೇಳಿದಳು. ಟೋಪಿ ಮುಖ್ಯ, ಮುಂದೆ ಅಪ್ಪನ ಮಾತು ಕೇಳಬೇಕು ಎಂದು ಡಾಕ್ಟರು ಅವಳಿಗೇ ಬುದ್ಧಿ ಹೇಳಿದರು.

ಅಂದಿನಿಂದ ಅವಳು ಮನೆಯಲ್ಲಿ ಕನ್ನಡ ಆಡುವುದನ್ನು ಬಿಟ್ಟಳು. ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಒಂದು ಮಾತು, ಅಷ್ಟೆ. ವಯಸ್ಸೇ ಹಾಗೆ, ಸರಿಹೋಗುತ್ತದೆ ಎಂದ ಬಸವಪ್ರಸಾದ. ಅವನು ಮಗಳನ್ನು ಓಡು ಎನ್ನುವುದನ್ನು ನಿಲ್ಲಿಸಿದ್ದ. ತಾನೂ ಓಡಲು ಹೋಗುತ್ತಿರಲಿಲ್ಲ. ಆದರೆ ನಡೆದದ್ದರ ಬಗ್ಗೆ ಮಾತು ಬಂದರೆ ಎದ್ದು ಹೋಗಿಬಿಡುತ್ತಿದ್ದ.

ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಕನ್ನಡದವರೆಲ್ಲ ಸೇರಿ ಒಂದು ಹಾಲ್ ಹಿಡಿದು ಗಣೇಶನ ಹಬ್ಬ ಮಾಡಿದರು. ಊಟದ ಸಾಲಿನಲ್ಲಿ ಮೈಸೂರಿನ ಶ್ರೀಲಕ್ಷ್ಮಿ ಸಿಕ್ಕಳು. ಒಳ್ಳೆಯ ಹೆಂಗಸು. ಹಬ್ಬಹರಿದಿನಕ್ಕೆ ಮನೆಗೆ ಕರೆಯುವವಳು. ಸ್ಮಿತಾಳನ್ನು ನೋಡಿ ಅವಳಿಗೆ ನಿಜವಾಗಿಯೂ ಸಂತೋಷವಾಯಿತು.

"ಎಷ್ಟು ಇಳಿದುಬಿಟ್ಟಿದ್ದಾಳ್ರೀ ಸ್ಮಿತಾ, ಗುರುತೇ ಸಿಗಲಿಲ್ಲ. ಈಗ ಎಷ್ಟು ಲಕ್ಷಣವಾಗಿ ಕಾಣ್ತಾಳೆ. ಏನು ಡಯಟ್ ಮಾಡಿಸಿದ್ರಿ? ನಮ್ಮವಳಿಗೂ ಹೇಳಿಕೊಡಿ."

ಹೊಗಳಿದಾಗ ನಗುವ ಅಭ್ಯಾಸದಿಂದ ವಂದನಾ ನಕ್ಕಳು. ನಗು ಮುಖದ ಮೇಲೆ ಇರುವಾಗಲೇ ಮಗಳು ತನ್ನನ್ನು ನೋಡುತ್ತಿದ್ದುದು ಕಂಡಿತು. ಸ್ಮಿತಾ ತಟ್ಟೆಯಲ್ಲಿದ್ದ ಕಡುಬನ್ನು ಎತ್ತಿ ಪಾತ್ರೆಗೆ ವಾಪಸ್ ಇಟ್ಟು ಹೊರಗೆ ಹೋದಳು.

ಮನೆಗೆ ಬರುವ ಎಸ್-ಬಾನ್ ರೈಲಿನಲ್ಲಿ ತಾಯಿ ಅವಳ ಪಕ್ಕ ಕುಳಿತಳು. ಸ್ಮಿತಾ ಕಿಟಕಿಯ ಕಡೆ ಮುಖಮಾಡಿಕೊಂಡೇ ಜರ್ಮನ್‌ನಲ್ಲಿ ಹೇಳಿದಳು: ಅಂತೂ ನಿಮ್ಮ ಕೆಲಸ ಆಯಿತಲ್ಲ. ಫೋಟೋದಲ್ಲಿ ಈಗ ಮುಂದೆ ನಿಲ್ಲಬಹುದು.

ವಂದನಾಳಿಗೆ ಅಷ್ಟು ಜರ್ಮನ್ ಅರ್ಥವಾಗುತ್ತಿತ್ತು. ಆ ಮದುವೆಯ ಫೋಟೋವನ್ನು ಮಗಳು ಮರೆತಿದ್ದಾಳೆ ಎಂದು ಇಷ್ಟು ದಿನ ನಂಬಿದ್ದಳು.

ಮರುದಿನ ಬೆಳಿಗ್ಗೆ ಸ್ಮಿತಾ ಶಾಲೆಗೆ ಹೋದ ಮೇಲೆ ಅವಳು ಗಂಡನಿಗೆ, ಗುರುವಾರ ತಪಾಸಣೆಗೆ ಹೋದಾಗ ಡಾಕ್ಟರ ಹತ್ತಿರ ಇದ್ದದ್ದು ಇದ್ದಹಾಗೆ ಹೇಳುತ್ತೇನೆ ಎಂದಳು. ಬಸವಪ್ರಸಾದ ಆಫೀಸಿನ ಬ್ಯಾಗನ್ನು ಕೆಳಗಿಟ್ಟ. ನಾನೇನು ಅವಳ ಕೆಟ್ಟದ್ದಕ್ಕೆ ಮಾಡಿದೆನೇ ಎಂದು ಕೇಳಿದ. ಅಪ್ಪ ಸತ್ತಾಗ ತನಗೆ ಇಪ್ಪತ್ತು ವರ್ಷ, ಬಾಯಿಗೆ ನೀರು ಬಿಟ್ಟವನು ತಾನು, ಮಗಳಿಗೆ ಆ ಗತಿ ಬರಬಾರದು ಎಂದು ಹೆದರಿ ಮಾಡಿದೆ ಎಂದ. ಅದು ಸುಳ್ಳಲ್ಲ ಎಂದು ವಂದನಾಳಿಗೂ ಗೊತ್ತಿತ್ತು.

"ಹೇಳಿದ್ರ ಏನಕ್ಕತಿ ಗೊತ್ತೈತೇನು? ಮಗಳನ್ನ ಕರಕೊಂಡು ಹೋದ್ರ?"

"ಈಗ ಆಕಿ ನಮ್ಮ ಕೂಡ ಅದಾಳಂತ ತಿಳಕೊಂಡೀರೇನು?" ಎಂದಳು ವಂದನಾ. "ನೀವು ಓಡಿಸಿದ್ರಿ. ನಾ ಮ್ಯಾಲ ನಿಂತು ಚಾ ಕುಡಕೋತ ನೋಡಿದೆ. ಆಕಿ ನಿಂತಿದ್ದು ನನಗ ಕಂಡಿತ್ತು. ಅದನ್ನೂ ಹೇಳತೀನಿ."

ಅವನು ಬ್ಯಾಗನ್ನು ಎತ್ತಿಕೊಂಡು ಆಫೀಸಿಗೆ ಹೊರಟ. ಗುರುವಾರದವರೆಗೂ ಆ ಮಾತು ಎತ್ತಲಿಲ್ಲ. ಅವನು ಬರುವುದಿಲ್ಲ ಎಂದೇ ಅವಳು ಅಂದುಕೊಂಡಿದ್ದಳು. ಆದರೆ ಹೊರಡುವ ಹೊತ್ತಿಗೆ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಡಾಕ್ಟರು ರಕ್ತದ ವರದಿ ನೋಡಿದರು. ಸುಧಾರಿಸಿದೆ, ಆದರೆ ಪೂರ್ತಿ ಅಲ್ಲ, ಬಹುಶಃ ಪೂರ್ತಿ ಆಗುವುದೂ ಇಲ್ಲ, ವರ್ಷಗಟ್ಟಲೆ ತಪಾಸಣೆ ಬೇಕು ಎಂದರು. ಸ್ಮಿತಾ ತನ್ನ ಬಗೆಗಿನ ಆ ಸುದ್ದಿಯನ್ನು ತಾನೇ ತಂದೆತಾಯಿಗೆ ಇಂಗ್ಲಿಷಿನಲ್ಲಿ ತಿಳಿಸಿದಳು, ಬೇರೆ ಯಾರದೋ ವರದಿ ಓದುವವಳ ಹಾಗೆ.

ವಂದನಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ತನಗೆ ಬರುವ ಅರೆಬರೆ ಜರ್ಮನ್‌ನಲ್ಲಿ, ಅವಳು ಆಡುತ್ತಿರಲಿಲ್ಲ, ಓಡುತ್ತಿದ್ದಳು, ಅವಳಿಗೆ ಓಡುವ ಮನಸ್ಸಿರಲಿಲ್ಲ, ನಾನು ಮೇಲಿನಿಂದ ನೋಡಿದೆ, ಇಳಿದು ಹೋಗಲಿಲ್ಲ ಎಂದಳು. ಡಾಕ್ಟರು ಕನ್ನಡಕ ತೆಗೆದಿಟ್ಟರು. ಯಾರು ಓಡಿಸಿದರು ಎಂದು ಕೇಳಿದರು.

ಆ ಪ್ರಶ್ನೆ ಬಸವಪ್ರಸಾದನಿಗೂ ಅರ್ಥವಾಗಿತ್ತು. ಅವನು ಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದ:

"ನಮ್ಮಪ್ಪ ಓಡಿಸಿದ ಅಂತ ಹೇಳವಾ."

ಸ್ಮಿತಾ ಅವನನ್ನು ನೇರವಾಗಿ ನೋಡಿದಳು. ಎರಡು ತಿಂಗಳ ಮೇಲೆ ಮೊದಲ ಸಲ ಅವಳ ಬಾಯಿಂದ ಕನ್ನಡ ಬಂತು.

"ನಾ ಹೇಳಂಗಿಲ್ಲ. ನೀವ ಹೇಳ್ರಿ."

ಡಾಕ್ಟರು ತಮ್ಮ ಕುರ್ಚಿಯನ್ನು ಅವನ ಕಡೆ ತಿರುಗಿಸಿ ಕಾದರು. ಬಸವಪ್ರಸಾದ ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, "ಇಷ್" ಎಂದ. ನಾನು ಎಂದು. ಮುಂದಿನ ಪದ ಸಿಗಲಿಲ್ಲ. ಅಭ್ಯಾಸದಂತೆ ಮಗಳ ಕಡೆ ನೋಡಿದ. ಅವಳು ಹುಡುಕಿಕೊಡಲಿಲ್ಲ. ಅವನು ಮತ್ತೆ "ಇಷ್" ಎಂದು ಶುರುಮಾಡಿ, ತಪ್ಪು ತಪ್ಪಾಗಿ, ಒಂದೊಂದೇ ಪದವನ್ನು ತಡವಿ ತೆಗೆಯುತ್ತ, ಆ ಬೆಳಗಿನ ಎಂಟು ಮುಕ್ಕಾಲಿನಿಂದ ಹೇಳತೊಡಗಿದ.