ಗುಡ್ಡ ಹತ್ತಿದರೆ ಸಾಲದು, ಇಳಿಯಬೇಕು

ಬೆಳಿಗ್ಗೆ ಏಳು ಗಂಟೆಯಾದರೂ ನಲ್ಲಿಯಲ್ಲಿ ನೀರಿಲ್ಲ. ಬೀದಿಯುದ್ದಕ್ಕೂ ಕೊಡಗಳು ಸಾಲಾಗಿ ಕೂತಿದ್ದವು. ಕೊಡಗಳ ಒಡತಿಯರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕೆಲಸಕ್ಕೆ ಹೋಗುವವರಿಗೆ ಸ್ನಾನವಿಲ್ಲ, ಒಲೆಯ ಮೇಲೆ ಇಡಲು ನೀರಿಲ್ಲ. ಇಂಥ ಬೆಳಗನ್ನು ನೀವೂ ಕಂಡಿರುತ್ತೀರಿ.

"ನೀರುಗಂಟಿ ಇನ್ನೂ ಮಲಗಿದ್ದಾಳೋ ಏನೋ," ಎಂದಳು ಒಬ್ಬಳು, ಹೊಲಿಗೆಯಮ್ಮನ ಕಿಟಕಿಗೆ ಕೇಳಲಿ ಎಂದೇ.

ಕಿಟಕಿಯ ಒಳಗೆ ಹೊಲಿಗೆಯಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. ಊರಿಗೆ ನೀರು ಬಿಡುವ ನೀರುಗಂಟಿ ಬೇರೆ ಯಾರೂ ಅಲ್ಲ, ಅವಳ ಸೊಸೆ. ಆ ಸೊಸೆ ನಾಲ್ಕು ಗಂಟೆಗೇ ಎದ್ದು, ಬ್ಲೀಚಿಂಗ್ ಪೌಡರಿನ ಚೀಲ ಬೆನ್ನಿಗೇರಿಸಿಕೊಂಡು, ಗುಡ್ಡದ ಮೇಲಿನ ಟ್ಯಾಂಕಿಗೆ ನಡೆದೇ ಹೊರಟಿದ್ದಳು. ಆರು ಕಿಲೋಮೀಟರು. ಹೆಸರಿಗಷ್ಟೇ ದಾರಿ, ಪೈಪ್ ಹೂತು ಮಣ್ಣು ಮುಚ್ಚಿದವರು ಜಲ್ಲಿಕಲ್ಲನ್ನೂ ಕೊರಕಲನ್ನೂ ಹಾಗೇ ಬಿಟ್ಟು ಹೋಗಿದ್ದರು.

ಎರಡು ವರ್ಷದ ಹಿಂದೆ ಈ ಕೆಲಸ ಮಾಡುತ್ತಿದ್ದವನು ಹೊಲಿಗೆಯಮ್ಮನ ಮಗ. ಒಂದು ದಿನ ಕೆಟ್ಟುಹೋದ ಪಂಪನ್ನು ರಿಪೇರಿಗೆಂದು ಹಳೇ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಗುಡ್ಡ ಇಳಿಯುತ್ತಿದ್ದ. ಮೂರನೇ ತಿರುವಿನಲ್ಲಿ ಸ್ಕೂಟರು ಅಂಚು ದಾಟಿ ಕೆಳಗೆ ಉರುಳಿತು. ಹೆಣದ ಮುಂದೆ ಕೂತ ತಾಯಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು: "ನಿಧಾನಕ್ಕೆ ಹೋಗೋ ಅಂದ್ರೆ ಕೇಳ್ತಿದ್ನಾ? ಅವಸರಗೇಡಿ." ಸಂಕಟದಲ್ಲಿ ಬಾಯಿಗೆ ಬಂದ ಮಾತು. ಅದನ್ನೇ ಹಿಡಿದುಕೊಂಡು ಅವಳು ಎರಡು ವರ್ಷ ಕಳೆದಿದ್ದಳು. ಅವತ್ತಿನಿಂದ ಆ ಮನೆಯ ಅಂಗಳಕ್ಕೆ ಎರಡು ಚಕ್ರದ ಗಾಡಿ ಬಂದಿಲ್ಲ.

ಅಂದು ಮಧ್ಯಾಹ್ನ ನೀರಿನ ಸಮಿತಿಯ ಅಧ್ಯಕ್ಷರು ಬಂದರು. "ನೋಡಮ್ಮ, ಬರೋ ತಿಂಗಳಿಂದ ಆರು ಗಂಟೆಗೆ ನೀರು ಬರ್ಲೇಬೇಕು. ಆಗಲ್ಲ ಅಂದ್ರೆ ಬೇರೆಯವರನ್ನ ನೋಡಬೇಕಾಗುತ್ತೆ," ಎಂದು ಸೊಸೆಗೆ ಹೇಳಿ, ಅವಳ ಮುಖ ಸಣ್ಣಗಾದದ್ದು ಕಂಡು ಫೋನ್ ತೆಗೆದರು. "ಸಮಿತಿಯಿಂದಲೇ ಎಲೆಕ್ಟ್ರಿಕ್ ಬೈಕ್ ಕೊಡಿಸ್ತೀವಿ. ಇದು ನೋಡು. ಬೆಟ್ಟಕ್ಕೇಂತಲೇ ಮಾಡಿರೋದು."

ಫೋಟೋದಲ್ಲಿ ಕೆಂಪು ಬೈಕೊಂದು ಮಿರಮಿರ ಮಿಂಚುತ್ತಿತ್ತು. ಅದರ ಮೈಮೇಲೆಲ್ಲ ಬೆಟ್ಟದ ಚಿತ್ರ ಅಂಟಿಸಿದ್ದರು.

"ಬೇಡ," ಎಂದಳು ಹೊಲಿಗೆಯಮ್ಮ. "ಒಬ್ಬನ್ನ ಕಳಿಸಿದ್ದು ಸಾಕು."

"ಅತ್ತೆ, ಕೆಲಸ ಹೋದ್ರೆ..."

"ಹೋಗ್ಲಿ. ನೀನಿದ್ರೆ ಸಾಕು."

ಸೊಸೆ ಗೋಡೆಗೊರಗಿ ಕಾಲು ಚಾಚಿ ಕೂತಳು. ಅವಳ ಅಂಗಾಲಿನ ಬೊಬ್ಬೆಗಳು ಹೊಲಿಗೆಯಮ್ಮನ ಕಣ್ಣಿಗೆ ಬೀಳದೆ ಇರಲಿಲ್ಲ. ಒಬ್ಬಳ ಸಂಬಳ ನಿಂತರೆ ಈ ಮನೆ ಹೊಲಿಗೆಯೊಂದರಿಂದ ನಡೆಯುವುದಿಲ್ಲ ಎಂಬುದೂ ಗೊತ್ತಿಲ್ಲದ ಸಂಗತಿಯಲ್ಲ.

ಸಂಜೆ ಹೊಲಿಗೆಯಮ್ಮ ನೇರವಾಗಿ ಗ್ರೀಸಕ್ಕನ ಅಂಗಡಿಗೆ ಹೋದಳು. ಗ್ರೀಸಕ್ಕ ಗಾಡಿ ರಿಪೇರಿಯವಳು. ಮದುವೆಯ ಫೋಟೋದಲ್ಲೂ ಅವಳ ಉಗುರು ಕಪ್ಪಗಿದೆ ಎಂದು ಊರು ತಮಾಷೆ ಮಾಡುತ್ತದೆ, ಗಾಡಿ ಕೆಟ್ಟರೆ ಮಾತ್ರ ಅವಳ ಬಾಗಿಲಿಗೇ ಓಡುತ್ತದೆ.

"ನಿನ್ನ ಮಾತು ನನ್ನ ಸೊಸೆ ಕೇಳ್ತಾಳೆ. ಅಧ್ಯಕ್ಷರು ಕೊಡಿಸ್ತೀನಿ ಅಂದ ಆ ಕೆಂಪು ಬೈಕ್ ಬೇಡ ಅಂತ ನೀನೇ ಹೇಳ್ಬಿಡು," ಎಂದಳು ಹೊಲಿಗೆಯಮ್ಮ.

"ಆ ಬೈಕ್ ಬೇಡ ಅಂತ ಹೇಳ್ತೀನಿ ದೊಡ್ಡಮ್ಮ. ಬೈಕೇ ಬೇಡ ಅಂತ ಹೇಳಲ್ಲ."

"ಯಾವುದಾದ್ರೇನು? ಎಲ್ಲ ಒಂದೇ. ಹಾರಾಡ್ಕೊಂಡು ಹೋದ, ಬಿದ್ದ."

ಗ್ರೀಸಕ್ಕ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ಒಳಗೆ ಹೋಗಿ, ತಗಡಿನ ಡಬ್ಬಿಯೊಂದನ್ನು ತಂದು ಬೆಂಚಿನ ಮೇಲಿಟ್ಟಳು. ಅದರಲ್ಲಿ ಚಕ್ರದ ನಡುವೆ ಕೂರುವ ಬ್ರೇಕ್ ಡ್ರಮ್ಮು ಇತ್ತು. ಕಬ್ಬಿಣದ ಒಳಮೈ ನೀಲಿಗಟ್ಟಿತ್ತು.

"ಇದು ಅವನ ಸ್ಕೂಟರಿಂದು. ಆ ಗಾಡಿ ನೋಡೋಕೂ ನೀವು ಬರ್ಲಿಲ್ಲ. ನಾನಾಗೇ ಬಂದು ಹೇಳೋಕೆ ಧೈರ್ಯ ಬರ್ಲಿಲ್ಲ. ಕಬ್ಬಿಣ ಹೀಗೆ ನೀಲಿ ಆಗ್ಬೇಕಾದ್ರೆ ಎಷ್ಟು ಬಿಸಿ ಏರ್ಬೇಕು ಗೊತ್ತಾ? ಅವನು ಬೀಳೋಕೆ ಹದಿನೈದು ದಿನ ಮುಂಚೆಯಷ್ಟೇ, ಇದರೊಳಗೆ ಒತ್ತಿ ಚಕ್ರ ನಿಲ್ಲಿಸೋ ಲೈನರ್ ಹೊಸದು ಹಾಕಿದ್ದೆ. ಸುಟ್ಟು ಇದ್ದಿಲಾಗಿತ್ತು."

"ಅಂದ್ರೆ?"

"ಅಂದ್ರೆ ಅವನು ಮೇಲಿಂದ ಬ್ರೇಕ್ ಹಿಡ್ಕೊಂಡೇ ಇಳಿದಿದ್ದಾನೆ ದೊಡ್ಡಮ್ಮ. ಮೆಲ್ಲಗೆ ಇಳಿದಿದ್ದಾನೆ. ಹಿಂದೆ ಐವತ್ತು ಕಿಲೋ ಪಂಪು, ಕೆಳಗೆ ನುಣ್ಣನೆ ಟೈರು. ಹಿಡಿದು ಹಿಡಿದು ಕಾದು, ಮೂರನೇ ತಿರುವಿಗೆ ಬರೋ ಹೊತ್ತಿಗೆ ಬ್ರೇಕೇ ಕೈಕೊಟ್ಟಿದೆ. ಅದು ಪೇಟೆ ರಸ್ತೆ ಗಾಡಿ. ಆ ಹೊರೆಗೆ, ಆ ದಾರಿಗೆ ಆಗೋದಲ್ಲ. ನಂಗಾದ್ರೂ ಹೊಳೀಬೇಕಿತ್ತು, ಹೊಳೀಲಿಲ್ಲ."

ಹೊಲಿಗೆಯಮ್ಮ ಆ ಡ್ರಮ್ಮನ್ನು ಮಡಿಲಿಗೆ ಎಳೆದುಕೊಂಡಳು. ಎರಡು ವರ್ಷ ಅವನನ್ನು ಬೈದುಕೊಂಡೇ ಅತ್ತಿದ್ದವಳಿಗೆ ಈಗ ಬರೀ ಅಳು ಬಂತು. ಗ್ರೀಸಕ್ಕ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ ಪಕ್ಕದಲ್ಲಿ ಕೂತಳು.

ಮನೆಗೆ ಬಂದು ಸೊಸೆಯ ಮುಂದೆ ನಿಂತು, "ಅವತ್ತು ಆ ಮಾತು ನಾನು ಆಡಬಾರದಿತ್ತು ಕಣೆ," ಎಂದಳು.

ಯಾವ ಮಾತು ಎಂದು ಸೊಸೆ ಕೇಳಲಿಲ್ಲ. "ನಂಗೆ ಗೊತ್ತಿತ್ತು ಅತ್ತೆ. ನನ್ನ ಕೂರಿಸ್ಕೊಂಡು ಇಳಿಯೋವಾಗ ಅವರು ಎಷ್ಟು ಮೆಲ್ಲಗೆ ಬರ್ತಿದ್ರು ಅಂತ."

"ಮತ್ಯಾಕೆ ಹೇಳ್ಲಿಲ್ಲ?"

"ನೀವು ಬರೀ ಅತ್ತಿದ್ರೆ ಸಮಾಧಾನ ಮಾಡ್ತಿದ್ದೆ. ಅವರನ್ನ ಬೈತಿದ್ರಿ. ಏನ್ ಮಾಡ್ಬೇಕು ಅಂತ ತಿಳೀಲಿಲ್ಲ."

ಅತ್ತೆ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡಳು. ಆಮೇಲೆ ಹೇಳಿದಳು: "ಬೈಕ್ ಅಂಗಡಿಗೆ ನಾನೂ ಬರ್ತೀನಿ. ನನ್ನ ಕಣ್ಣೆದುರಿಗೆ ನೋಡಿ ತಗೋಬೇಕು."

ಮರುದಿನ ಬೈಕಿನ ಅಂಗಡಿಗೆ ನಾಲ್ಕು ಜನ ಹೋದರು. ಅಧ್ಯಕ್ಷರು, ಗ್ರೀಸಕ್ಕ, ಸೊಸೆ, ಮತ್ತೆ ಕೊರಳಲ್ಲಿ ಅಳತೆಯ ಟೇಪ್ ಹಾಗೇ ನೇತಾಡುತ್ತಿದ್ದ ಹೊಲಿಗೆಯಮ್ಮ. ಕೆಂಪು ಬೈಕು ಮುಂದೆಯೇ ನಿಂತಿತ್ತು.

"ಒಂದು ಚಾರ್ಜಿಗೆ ನೂರು ಕಿಲೋಮೀಟರು!" ಎಂದ ಅಂಗಡಿಯವನು.

"ಸಪಾಟು ರಸ್ತೇಲಿ, ಒಬ್ಬರೇ ಕೂತ್ರೆ," ಎಂದಳು ಗ್ರೀಸಕ್ಕ. "ಹೊರೆ ಹೊತ್ತು ಗುಡ್ಡ ಹತ್ತಿದ್ರೆ ಅದರಲ್ಲಿ ಅರ್ಧ ಸಿಕ್ಕಿದ್ರೂ ದೊಡ್ಡದು. ನಮ್ಗೆ ಹೋಗಿಬರೋಕೆ ಬೇಕಿರೋದು ಹನ್ನೆರಡು. ನೂರಕ್ಕೆ ಮರುಳಾಗಿ ಭಾರದ ಬ್ಯಾಟರಿ ಹೊತ್ಕೊಂಡು ತಿರುಗೋದು ಯಾಕೆ?"

ಹೊಲಿಗೆಯಮ್ಮ ಅಷ್ಟರಲ್ಲಿ ಟೇಪ್ ತೆಗೆದು ನೆಲದಿಂದ ಸೀಟಿನವರೆಗೆ ಅಳೆದಳು. ಅಂಗಡಿಯವನಿಗೆ ನಗು ಬಂತು.

"ಮೂವತ್ನಾಲ್ಕು ಇಂಚು," ಎಂದಳು ಅವಳು. "ನಮ್ಮ ಹುಡುಗಿಯ ಕಾಲು ಇಪ್ಪತ್ತೊಂಬತ್ತು. ಕಲ್ಲಿನ ಮೇಲೆ ಗಾಡಿ ವಾಲಿದ್ರೆ ಇವಳು ಕಾಲು ಎಲ್ಲಿ ಊರಬೇಕು, ಗಾಳೀಲಾ?"

ಅಂಗಡಿಯವನ ನಗು ನಿಂತಿತು. ಗ್ರೀಸಕ್ಕನಿಗೆ ಖುಷಿ ತಡೆಯಲಾಗಲಿಲ್ಲ. "ಅದೇ ದೊಡ್ಡಮ್ಮ! ಅಳತೆ ತಗೊಳ್ದೆ ನೀವು ರವಿಕೆ ಕತ್ತರಿಸ್ತೀರಾ? ಬೈಕೂ ಹಾಗೇ. ಕೂರೋರ ಅಳತೆ, ಹೊರೆಯ ಅಳತೆ, ದಾರಿಯ ಅಳತೆ, ಮೂರೂ ಬೇಕು."

"ಅಯ್ಯೋ, ಇಷ್ಟೆಲ್ಲಾ ಯಾಕೆ," ಎಂದು ಅಧ್ಯಕ್ಷರು ಬೈಕನ್ನು ಹೊರಗೆ ತಳ್ಳಿಕೊಂಡು ಹೋಗಲು ಹ್ಯಾಂಡಲ್ ಹಿಡಿದರು. ಸದ್ದಿಲ್ಲ, ಹಾಗಾಗಿ ಆಫ್ ಆಗಿದೆ ಎಂದುಕೊಂಡರು. ವೇಗದ ಹಿಡಿ ಕೈಯಲ್ಲಿ ತಿರುಗಿತು. ಬೈಕು ಚಂಗನೆ ಮುಂದಕ್ಕೆ ಹಾರಿ, ಅಧ್ಯಕ್ಷರನ್ನು ಎರಡು ಹೆಜ್ಜೆ ಎಳೆದು ಬೀಳಿಸಿ, ಗೋಡೆಗೆ ಗುದ್ದಿ ನಿಂತಿತು. ಪುಣ್ಯಕ್ಕೆ ಮೊಣಕೈ ತರಚಿತಷ್ಟೆ.

"ಪೆಟ್ರೋಲ್ ಗಾಡಿ ಗುರುಗುಡ್ತಾ ಎಚ್ಚರಿಸುತ್ತೆ. ಇದು ಸುಮ್ನಿರುತ್ತೆ," ಎಂದಳು ಗ್ರೀಸಕ್ಕ, ಅವರನ್ನು ಎಬ್ಬಿಸುತ್ತ. "ಕೊರಕಲಲ್ಲಿ ಇಳಿದು ತಳ್ಳೋವಾಗ ಹೀಗಾದ್ರೆ? ಮೊದಲು ಕೀಲಿ ಆಫ್ ಮಾಡ್ಬೇಕು. ಬ್ರೇಕ್ ಹಿಡಿದ ಕೂಡ್ಲೇ ಮೋಟಾರು ತಾನಾಗೇ ನಿಲ್ಲೋ ಬೈಕನ್ನೇ ಆರಿಸ್ಬೇಕು."

ಅವಳು ಮೂಲೆಯಲ್ಲಿದ್ದ ಬೂದು ಬಣ್ಣದ ಇನ್ನೊಂದು ಬೈಕನ್ನು ಮುಟ್ಟಿದಳು. ನೋಡಲು ಸಪ್ಪೆ. ಟೈರು ಅಗಲ, ಕಲ್ಲು ಕಚ್ಚುವ ಹಾಗೆ ದಪ್ಪ ಹಲ್ಲು. ಹಿಂದೆ, ಮುಂದೆ ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಬ್ಯಾಟರಿಯ ಪೆಟ್ಟಿಗೆಗೆ ನೀರು ನುಗ್ಗದಂತೆ ರಬ್ಬರ್ ಅಂಚು. ಹೊಲಿಗೆಯಮ್ಮ ಸೀಟು ಅಳೆದಳು: ಇಪ್ಪತ್ತೆಂಟು. ಸೊಸೆ ಕೂತಾಗ ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗಿದವು.

ಆದರೂ ಹೊಲಿಗೆಯಮ್ಮ ಒಪ್ಪಲಿಲ್ಲ. "ಅಂಗಡಿ ಮುಂದೆ ಎಲ್ಲಾ ಚೆನ್ನಾಗೇ ಇರುತ್ತೆ. ಗುಡ್ಡಕ್ಕೆ ತನ್ನಿ," ಎಂದಳು.

ಅಂಗಡಿಯವನು ಗೊಣಗುತ್ತಲೇ ಎರಡನ್ನೂ ತಂದ. ಹಿಂದೆ ಐವತ್ತು ಕಿಲೋ ಮರಳಿನ ಚೀಲ ಕಟ್ಟಿದರು. ಹೆಲ್ಮೆಟ್ ಹಾಕಿಕೊಂಡು ಗ್ರೀಸಕ್ಕ ಮೊದಲು ಕೆಂಪು ಬೈಕು ಹತ್ತಿದಳು. ಅದು ಏರನ್ನು ನುಂಗುತ್ತ ಹೋಯಿತು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ಹೊಲಿಗೆಯಮ್ಮ ಮೂರನೇ ತಿರುವಿಗೆ ನಡೆದಳು. ಎರಡು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಇದೇ ಮೊದಲು. ತಿರುವಿಗೆ ಹತ್ತು ಹೆಜ್ಜೆ ಮುಂಚೆ ನಿಂತು, ಮೇಲಕ್ಕೆ ಕೂಗಿ ಹೇಳಿದಳು: "ಇಲ್ಲಿ, ನಾನು ನಿಂತಲ್ಲಿ ನಿಲ್ಲಿಸು!"

ಕೆಂಪು ಬೈಕು ಇಳಿದು ಬಂತು. ಗ್ರೀಸಕ್ಕ ಬ್ರೇಕ್ ಹಿಡಿದಳು. ನುಣ್ಣನೆ ಟೈರು ಜಲ್ಲಿಯ ಮೇಲೆ ಸರ್ರನೆ ಜಾರಿ, ಹೊಲಿಗೆಯಮ್ಮನನ್ನು ದಾಟಿ, ಎಂಟು ಹೆಜ್ಜೆ ಆಚೆ ಹೋಗಿ ನಿಂತಿತು. ಅಂಚಿಗೆ ಇನ್ನು ಎರಡೇ ಹೆಜ್ಜೆ. ಗ್ರೀಸಕ್ಕ ಕೀಲಿ ಆಫ್ ಮಾಡಿ, ಇಳಿದು, ಬೈಕನ್ನು ಹಿಂದಕ್ಕೆ ತಳ್ಳಿಕೊಂಡು ಬಂದಳು.

ಬೂದು ಬೈಕು ನಿಧಾನವಾಗಿ ಹತ್ತಿತು. ಇಳಿಯುವಾಗ ಗ್ರೀಸಕ್ಕ ಎರಡೂ ಬ್ರೇಕನ್ನು ಒತ್ತುತ್ತ, ಬಿಡುತ್ತ, ಮತ್ತೆ ಒತ್ತುತ್ತ ಬಂದಳು. ಹೊಲಿಗೆಯಮ್ಮನಿಗೆ ಒಂದು ಮಾರು ದೂರದಲ್ಲೇ ಬೈಕು ನಿಂತಿತು. ಆಮೇಲೆ ಸೊಸೆಯೇ ಖಾಲಿ ಬೈಕಿನಲ್ಲಿ ಎರಡು ಸಲ, ಹೊರೆಯೊಂದಿಗೆ ಮೂರು ಸಲ ಹತ್ತಿ ಇಳಿದಳು. ಐದು ಸಲವೂ ಅತ್ತೆ ಅದೇ ಜಾಗದಲ್ಲಿ ನಿಂತಿದ್ದಳು. ಐದು ಸಲವೂ ಬೈಕು ಅವಳ ಮುಂದೆ ಬಂದು ನಿಂತಿತು.

"ಇದಾಗಲಿ," ಎಂದಳು ಹೊಲಿಗೆಯಮ್ಮ. "ಇಂಥದ್ದೊಂದು ಅವತ್ತು ಅವನ ಹತ್ರ ಇದ್ದಿದ್ರೆ..."

ಸೊಸೆ ಬೈಕಿನಿಂದಿಳಿದು ಅವಳ ಕೈ ಹಿಡಿದುಕೊಂಡಳು.

ಈಗ ಆ ಊರಿಗೆ ಆರಕ್ಕೆ ಮುಂಚೆಯೇ ನೀರು ಬರುತ್ತದೆ. ಬೈಕಿಗೆ ಚಾರ್ಜ್ ಹಾಕುವುದು ಹಗಲು ಹೊತ್ತಿನಲ್ಲಿ, ಹೊರಗಿನ ಜಗುಲಿಯಲ್ಲಿ, ಅದರ ಜೊತೆಗೆ ಬಂದ ಚಾರ್ಜರಿನಿಂದಲೇ. ವಾರಕ್ಕೊಮ್ಮೆ ಗ್ರೀಸಕ್ಕ ಬ್ರೇಕ್ ನೋಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಲ್ಲುದಾರಿಯಲ್ಲಿ ದುಡಿಯಲು ಹೋಗುವವರು ಇರಬಹುದು. ಅವರಿಗೆ ಎಲೆಕ್ಟ್ರಿಕ್ ಬೈಕು ಕೊಳ್ಳುವಾಗ ಬಣ್ಣಕ್ಕೆ, ಚಿತ್ರಕ್ಕೆ, ನೂರು ಕಿಲೋಮೀಟರಿನ ಮಾತಿಗೆ ಸೋಲಬೇಡಿ. ಕೂತವರ ಕಾಲು ನೆಲಕ್ಕೆ ತಾಗುತ್ತದೆಯೇ ನೋಡಿ. ಟೈರಿನ ಹಲ್ಲು ನೋಡಿ, ಎರಡೂ ಚಕ್ರದ ಬ್ರೇಕ್ ನೋಡಿ, ಬ್ರೇಕ್ ಹಿಡಿದರೆ ಮೋಟಾರು ನಿಲ್ಲುತ್ತದೆಯೇ ಕೇಳಿ. ಕೊಳ್ಳುವ ಮುಂಚೆ ನಿಮ್ಮದೇ ದಾರಿಯಲ್ಲಿ, ನಿಮ್ಮದೇ ಹೊರೆ ಕಟ್ಟಿ, ಗಾಡಿ ಬಲ್ಲವರಿಂದ ಓಡಿಸಿ ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ. ಬೈಕು ಹತ್ತಿದ್ದನ್ನು ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೊರಡಬೇಡಿ, ಅದು ಇಳಿಯುವುದನ್ನೂ ನಿಂತು ನೋಡಿ. ನಿಮ್ಮವರು ಮನೆಗೆ ಬರಬೇಕಾದದ್ದು ಆ ಇಳಿಜಾರಿನಲ್ಲೇ.